ತರಗತಿಯ ಸಭೆ, ಸೋರುವ ನಲ್ಲಿ: ಪುಟ್ಟ ಮಕ್ಕಳಿಗೆ ಹೊಣೆ ಹೊರುವುದನ್ನು ಕಲಿಸುವ ಬಗೆ

ಯಾರದೋ ನೀರಿನ ಬಾಟಲಿ ಉರುಳಿ ತರಗತಿಯ ನೆಲವೆಲ್ಲ ಒದ್ದೆಯಾಯಿತು ಅಂದುಕೊಳ್ಳಿ. ಬಹಳಷ್ಟು ಕಡೆ ತಕ್ಷಣ ಕೇಳಿಬರುವುದು ಒಂದೇ ಮಾತು: "ಟೀಚರ್, ಇವನು ನೀರು ಚೆಲ್ಲಿದ!" ಒರೆಸುವ ಬಟ್ಟೆ ಎಲ್ಲಿದೆ ಅಂತ ಒಂದು ಮಗುವಿಗೂ ಗೊತ್ತಿರುವುದಿಲ್ಲ. ಗೊತ್ತಿದ್ದರೂ ಕೇಳದೆ ತೆಗೆದುಕೊಳ್ಳುವ ಧೈರ್ಯ ಇರುವುದಿಲ್ಲ. ಮಕ್ಕಳಿಗೆ ಕಾಳಜಿ ಇಲ್ಲ ಅಂತಲ್ಲ. ಏನಾದರೂ ಕೆಟ್ಟರೆ ಸರಿಮಾಡುವುದು ದೊಡ್ಡವರ ಕೆಲಸ, ದೂರು ಹೇಳುವುದಷ್ಟೇ ನಮ್ಮ ಕೆಲಸ ಎಂದು ಅವರು ದಿನವೂ ನೋಡಿ ನೋಡಿ ಕಲಿತಿದ್ದಾರೆ. ಒಳ್ಳೆಯ ಪ್ರಜೆಯ ಹತ್ತು ಗುಣಗಳನ್ನು ಗೋಡೆಗೆ ಅಂಟಿಸಿದ ಮಾತ್ರಕ್ಕೆ ಆ ಕಲಿಕೆ ಅಳಿಯುವುದಿಲ್ಲ.

ಅದು ಅಳಿಯುವುದು ಮಕ್ಕಳು ತೆಗೆದುಕೊಂಡ ತೀರ್ಮಾನ ಅವರ ಕಣ್ಣೆದುರೇ ಜಾರಿಗೆ ಬಂದಾಗ. ತೀರ್ಮಾನ ಎಷ್ಟೇ ಸಣ್ಣದಿರಲಿ, ನಿಜವಾದದ್ದಾಗಿರಬೇಕು. ಇಲ್ಲಿ ಹೇಳಿರುವ ಕ್ರಮ 6ರಿಂದ 11 ವರ್ಷದ ಮಕ್ಕಳಿಗೆ, 25ರಿಂದ 40 ಮಕ್ಕಳಿರುವ ತರಗತಿಗೆ ಹೊಂದುತ್ತದೆ. ವಾರಕ್ಕೆ ಅರ್ಧ ಗಂಟೆ, ಒಂದು ನೋಟ್‌ಬುಕ್, ಮುಚ್ಚಳಕ್ಕೆ ಸೀಳು ಕೊಯ್ದ ಒಂದು ರಟ್ಟಿನ ಡಬ್ಬಿ ಇದ್ದರೆ ಶುರುಮಾಡಬಹುದು.

ಮೊದಲು ನಿಮ್ಮ ಪಟ್ಟಿ

ಮಕ್ಕಳ ಮುಂದೆ ಹೋಗುವ ಮೊದಲು ಒಂದು ಹಾಳೆಯಲ್ಲಿ ಮೂರು ಅಂಕಣ ಎಳೆಯಿರಿ. ಮಕ್ಕಳೇ ತೀರ್ಮಾನಿಸಬಹುದಾದವು ಒಂದು ಕಡೆ: ಕೂರುವ ಜಾಗ ಯಾವಾಗ ಬದಲಾಗಬೇಕು, ಓದುವ ಮೂಲೆ ಹೇಗಿರಬೇಕು, ಆಟದ ಚೆಂಡು ಯಾರ ಸರದಿ, ತರಗತಿಯ ಕೆಲಸಗಳನ್ನು ಹೇಗೆ ಹಂಚಬೇಕು. ಮಕ್ಕಳನ್ನು ಕೇಳಿ ಕೊನೆಗೆ ನೀವು ತೀರ್ಮಾನಿಸುವಂಥವು ಎರಡನೆಯದರಲ್ಲಿ: ಹೋಂವರ್ಕ್ ಕೊಡುವ ದಿನ, ಹೊರಗೆ ಕರೆದುಕೊಂಡು ಹೋಗುವ ಜಾಗ. ಪೂರ್ತಿ ದೊಡ್ಡವರದೇ ಆದವು ಮೂರನೆಯದರಲ್ಲಿ: ಸುರಕ್ಷತೆ, ಪರೀಕ್ಷೆ, ಯಾರಿಗಾದರೂ ಏಟು ಬಿದ್ದ ಅಥವಾ ಹಿಂಸೆಯಾದ ಸಂಗತಿ.

ಈ ಪಟ್ಟಿಯನ್ನು ಮಕ್ಕಳಿಗೆ ಓದಿ ಹೇಳಿ. ಮೂರನೆಯ ಅಂಕಣದ ವಿಷಯ ಬಂದಾಗ "ಇದು ನನ್ನ ಹೊಣೆ, ನಾನು ನೋಡಿಕೊಳ್ಳುತ್ತೇನೆ" ಎಂದು ನೇರವಾಗಿ ಹೇಳಿದರೆ ಮಕ್ಕಳು ಬೇಜಾರು ಮಾಡಿಕೊಳ್ಳುವುದಿಲ್ಲ. ಅವರ ಅಭಿಪ್ರಾಯ ಕೇಳಿದಂತೆ ನಟಿಸಿ, ಮೊದಲೇ ಗಟ್ಟಿಮಾಡಿಕೊಂಡಿದ್ದನ್ನೇ ಮಾಡಿದರೆ ಮಾತ್ರ ಅವರಿಗೆ ಅದು ಗೊತ್ತಾಗಿಬಿಡುತ್ತದೆ. ಎರಡು ಸಲ ಹಾಗಾದರೆ ಮೂರನೆಯ ಸಲ ಯಾರೂ ಬಾಯಿ ಬಿಡುವುದಿಲ್ಲ. 1989ರ ನವೆಂಬರ್ 20ರಂದು ವಿಶ್ವಸಂಸ್ಥೆ ಒಪ್ಪಿದ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ ಹೇಳುವುದೂ ಇದಕ್ಕೆ ಹತ್ತಿರದ್ದೇ: ತನಗೆ ಸಂಬಂಧಿಸಿದ ವಿಷಯದಲ್ಲಿ ಅಭಿಪ್ರಾಯ ಹೇಳುವ ಹಕ್ಕು ಮಗುವಿಗಿದೆ, ವಯಸ್ಸಿಗೂ ತಿಳಿವಳಿಕೆಗೂ ತಕ್ಕಂತೆ ಅದಕ್ಕೆ ಬೆಲೆ ಕೊಡಬೇಕು. ಮಗು ಹೇಳಿದ್ದೆಲ್ಲ ನಡೆಯಬೇಕು ಎಂದು ಆ ವಿಧಿ ಹೇಳುವುದಿಲ್ಲ. ಕೇಳಿಸಿಕೊಂಡ ಮೇಲೆ ಏನಾಯಿತು, ಯಾಕಾಯಿತು ಎಂಬ ಉತ್ತರ ಮಾತ್ರ ಮಗುವಿಗೆ ಸಿಗಲೇಬೇಕು.

ತರಗತಿಯ ಕೆಲಸಗಳು

ಕಾಳಜಿಯನ್ನು ಕೈಗೆ ಹಿಡಿಸಲು ಸುಲಭದ ದಾರಿ ಸರದಿಯ ಕೆಲಸ. ಕೆಲಸ ನಿಜವಾದದ್ದೋ ತೋರಿಕೆಯದ್ದೋ ಎಂದು ತಿಳಿಯಲು ಒಂದು ಪರೀಕ್ಷೆ ಇದೆ: ಅದನ್ನು ಒಂದು ದಿನ ಯಾರೂ ಮಾಡದಿದ್ದರೆ ಯಾರಿಗಾದರೂ ತೊಂದರೆ ಆಗುತ್ತದೆಯೇ? ಗಿಡಕ್ಕೆ ನೀರು ಹಾಕುವುದು, ಪುಸ್ತಕಗಳನ್ನು ಜೋಡಿಸುವುದು, ಬೋರ್ಡು ಒರೆಸುವುದು, ಚೆಲ್ಲಿದ್ದನ್ನು ಒರೆಸುವ ಬಟ್ಟೆ ಒಗೆದು ಒಣಗಿಸುವುದು ಈ ಪರೀಕ್ಷೆಯಲ್ಲಿ ಗೆಲ್ಲುತ್ತವೆ. ರಜೆ ಮುಗಿಸಿ ಬಂದ ಮಗುವಿಗೆ ತಪ್ಪಿಹೋದ ಪಾಠ ತೋರಿಸುವುದು, ಬಿಡುವಿನ ಹೊತ್ತಿನಲ್ಲಿ ಒಂಟಿಯಾಗಿ ನಿಂತವರನ್ನು ಆಟಕ್ಕೆ ಕರೆಯುವುದು ಇನ್ನೂ ಒಳ್ಳೆಯ ಕೆಲಸಗಳು.

ಒಂದು ಕೆಲಸಕ್ಕೆ ಇಬ್ಬರಿರಲಿ. ಎರಡು ವಾರ ಮಾಡಲಿ, ಆದರೆ ಇಬ್ಬರೂ ಒಟ್ಟಿಗೆ ಬದಲಾಗುವುದು ಬೇಡ. ವಾರಕ್ಕೊಬ್ಬರು ಹೊಸಬರು ಬಂದರೆ ಹಳಬರು ಹೊಸಬರಿಗೆ ಹೇಳಿಕೊಡುತ್ತಾರೆ, ನೀವು ಹೇಳಿಕೊಡಬೇಕಾಗಿಲ್ಲ. ಮಾತಾಡಿದವರ ಹೆಸರನ್ನು ಬೋರ್ಡಿನ ಮೇಲೆ ಬರೆಯುವ ಮಾನಿಟರ್ ಕೆಲಸವನ್ನು ಮಾತ್ರ ಕೈಬಿಡಿ. ಅದರಿಂದ ಒಂದು ಮಗು ಪೊಲೀಸಾಗುತ್ತದೆ, ಉಳಿದವರು ಆ ಮಗುವಿಗೆ ಹೆದರುವುದನ್ನೋ ಆ ಮಗುವನ್ನು ಓಲೈಸುವುದನ್ನೋ ಕಲಿಯುತ್ತಾರೆ.

ಸ್ಟಿಕರ್, ನಕ್ಷತ್ರ, ಅಂಕಗಳ ಆಸೆಯನ್ನೂ ತೋರಿಸಬೇಡಿ. ಮನೋವಿಜ್ಞಾನಿಗಳಾದ ಫೆಲಿಕ್ಸ್ ವಾರ್ನೆಕನ್ ಮತ್ತು ಮೈಕೆಲ್ ಟೊಮಾಸೆಲ್ಲೊ 2008ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಸಹಾಯ ಮಾಡಿದ್ದಕ್ಕೆ ವಸ್ತುವಿನ ರೂಪದಲ್ಲಿ ಬಹುಮಾನ ಪಡೆದ 20 ತಿಂಗಳ ಮಕ್ಕಳು, ಬಹುಮಾನ ನಿಂತ ಮೇಲೆ ಉಳಿದವರಿಗಿಂತ ಕಡಿಮೆ ಸಹಾಯ ಮಾಡಿದರು. ಬಹುಮಾನದ ಬದಲು ಕೆಲಸದಿಂದ ಏನಾಯಿತು ಎಂಬುದನ್ನು ಹೇಳಿ: "ನೀನು ಪುಸ್ತಕ ಜೋಡಿಸಿಟ್ಟಿದ್ದರಿಂದ ಇವಳಿಗೆ ಬೇಕಾದ ಪುಸ್ತಕ ತಕ್ಷಣ ಸಿಕ್ಕಿತು." "ಗುಡ್ ಬಾಯ್" ಅನ್ನುವುದಕ್ಕಿಂತ ಈ ಮಾತು ಮಗುವಿನಲ್ಲಿ ಹೆಚ್ಚು ದಿನ ನಿಲ್ಲುತ್ತದೆ.

ವಾರದ ಸಭೆ

ಈ ಇಡೀ ಕ್ರಮದ ಜೀವಾಳ ಇದು. ಸಮಯ ಸಾಲದೆ ಏನನ್ನಾದರೂ ಬಿಡಲೇಬೇಕಾಗಿ ಬಂದರೆ ಉಳಿದೆಲ್ಲ ಬಿಡಿ, ಸಭೆಯನ್ನು ಬಿಡಬೇಡಿ.

ಫ್ರಾನ್ಸಿನ ಶಿಕ್ಷಕ ಸೆಲೆಸ್ಟಾಂ ಫ್ರೆನೆ (1896–1966) ಅವರ ತರಗತಿಗಳಲ್ಲಿ ಗೋಡೆಗೆ ಒಂದು ಹಾಳೆ ತೂಗುಹಾಕಿರುತ್ತಿತ್ತು. ಮೆಚ್ಚಿದ್ದು, ಆಕ್ಷೇಪ, ಬೇಕಾದದ್ದು ಹೀಗೆ ಅಂಕಣ ಮಾಡಿ ವಾರವಿಡೀ ಮಕ್ಕಳೇ ಅದರಲ್ಲಿ ಬರೆಯುತ್ತಿದ್ದರು, ವಾರದ ಸಭೆಯಲ್ಲಿ ಅದನ್ನು ಓದಿ ಚರ್ಚಿಸುತ್ತಿದ್ದರು. ಗೋಡೆಯ ಹಾಳೆಯ ಬದಲು ಡಬ್ಬಿ ಇಟ್ಟರೆ ನಾಚಿಕೆಯ ಮಕ್ಕಳಿಗೆ ಅನುಕೂಲ. ಮೂರು ಬಣ್ಣದ ಚೀಟಿಗಳಿರಲಿ: ಮೆಚ್ಚುಗೆಗೆ ಒಂದು, ತೊಂದರೆಗೆ ಒಂದು, ಸಲಹೆಗೆ ಒಂದು. ಬರೆಯಲು ಬಾರದವರು ಚಿತ್ರ ಬಿಡಿಸಿ ಹೆಸರು ಹಾಕಿದರೆ ಸಾಕು. ಹೆಸರಿಲ್ಲದ ಚೀಟಿಯನ್ನು ಸಭೆಯಲ್ಲಿ ಓದುವುದಿಲ್ಲ ಎಂದು ಮೊದಲೇ ತಿಳಿಸಿ, ಆದರೆ ನೀವೊಬ್ಬರೇ ಕೂತು ತಪ್ಪದೆ ಓದಿ. ಹೇಳಿಕೊಳ್ಳಲಾಗದ ನೋವು ಇರುವುದು ಅಂಥ ಚೀಟಿಯಲ್ಲೇ.

ಸಭೆಗೆ ವಾರದ ನಡುವಿನ ದಿನ ಒಳ್ಳೆಯದು. ವಾರದ ಕೊನೆಯ ದಿನದ ಕೊನೆಯ ಪೀರಿಯಡ್‌ನಲ್ಲಿಟ್ಟರೆ ಮಕ್ಕಳು ದಣಿದಿರುತ್ತಾರೆ, ತೆಗೆದುಕೊಂಡ ತೀರ್ಮಾನವೂ ರಜೆಯಲ್ಲಿ ಮರೆತುಹೋಗುತ್ತದೆ. 6–7 ವರ್ಷದವರಿಗೆ 15 ನಿಮಿಷ ಸಾಕು. 8 ದಾಟಿದವರು 25ರಿಂದ 30 ನಿಮಿಷ ಕೂರುತ್ತಾರೆ. ಎಲ್ಲರೂ ದುಂಡಗೆ ಕೂರಲಿ. ಅವರು ನೆಲದ ಮೇಲೆ ಕೂತರೆ ನೀವೂ ನೆಲದ ಮೇಲೆ.

8 ದಾಟಿದವರಿಗೆ ಸಮಯ ಹಂಚಿಕೆ ಹೀಗಿರಲಿ. ಹೋದ ವಾರದ ತೀರ್ಮಾನ ಏನಾಯಿತು ಎಂದು ನೋಡಲು 3 ನಿಮಿಷ. ಮೆಚ್ಚುಗೆಯ ಚೀಟಿಗಳಿಗೆ 5. ಒಂದೇ ಒಂದು ತೊಂದರೆಗೆ 12. ಒಂದು ಸಲಹೆಗೆ 5. ಬರೆದುಕೊಂಡಿದ್ದನ್ನು ಗಟ್ಟಿಯಾಗಿ ಓದಲು 2. ಎಲ್ಲ ಸೇರಿ 27 ನಿಮಿಷ. ಹೋದ ವಾರದ್ದನ್ನು ಮೊದಲು ನೋಡುವ ಕ್ರಮವನ್ನು ಯಾವ ಕಾರಣಕ್ಕೂ ತಪ್ಪಿಸಬೇಡಿ. ಮಾತಿಗೆ ಬೆಲೆ ಇದೆ ಎಂದು ಮಕ್ಕಳು ನಂಬುವುದು ಆ ಮೂರು ನಿಮಿಷಗಳಲ್ಲಿ.

ಸಭೆ ನಡೆಸಲು, ಸಮಯ ನೋಡಲು, ಬರೆದುಕೊಳ್ಳಲು ತಲಾ ಒಂದು ಮಗು ಇರಲಿ, ತಿಂಗಳಿಗೊಮ್ಮೆ ಬದಲಾಗಲಿ. ಮೊದಲ ನಾಲ್ಕು ಸಭೆಗಳನ್ನು ನೀವೇ ನಡೆಸಿ. ಆಮೇಲೆ ನಡೆಸುವ ಮಗುವಿನ ಪಕ್ಕದಲ್ಲಿ ಕೂರಿ. ಸಭೆ ನಡೆಸಲು ಬೇಕಾದ ವಾಕ್ಯಗಳನ್ನು ರಟ್ಟಿನ ಮೇಲೆ ಬರೆದುಕೊಡಿ: "ಇನ್ಯಾರು ಮಾತಾಡುತ್ತೀರಿ?", "ನೀನು ಹೇಳಿದ್ದು ಹೀಗಾ?", "ಇದನ್ನು ಯಾರು ಮಾಡುತ್ತೀರಿ, ಯಾವಾಗ?" ಇಂಥ ಐದಾರು ಮಾತು ಕೈಯಲ್ಲಿದ್ದರೆ ಎಂಟು ವರ್ಷದ ಮಗು ಕೂಡ ಚೆನ್ನಾಗಿ ಸಭೆ ನಡೆಸುತ್ತದೆ.

ಮಾತಿನ ಸರದಿಗೆ ಒಂದು ಮೆತ್ತನೆಯ ಚೆಂಡು ಸಾಕು. ಕೈಯಲ್ಲಿ ಚೆಂಡು ಇರುವವರು ಮಾತಾಡುತ್ತಾರೆ, ಬೇಡವಾದರೆ "ಮುಂದೆ" ಎಂದು ದಾಟಿಸುತ್ತಾರೆ. ನಾಲ್ಕೈದು ಮಕ್ಕಳೇ ಸಭೆಯನ್ನು ನುಂಗಿಹಾಕುತ್ತಿದ್ದರೆ ಒಬ್ಬೊಬ್ಬರಿಗೆ ಎರಡು ಗುಂಡಿ ಕೊಡಿ. ಮಾತಾಡಿದಾಗಲೆಲ್ಲ ಒಂದನ್ನು ನಡುವಿನ ಬಟ್ಟಲಿಗೆ ಹಾಕಬೇಕು, ಗುಂಡಿ ಮುಗಿದರೆ ಕೇಳಿಸಿಕೊಳ್ಳುವ ಸರದಿ. ಪ್ರಶ್ನೆ ಕೇಳಿದ ಮೇಲೆ ನೀವು ಸುಮ್ಮನಿರುವುದೂ ಅಷ್ಟೇ ಮುಖ್ಯ. ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ ತರಗತಿಗಳಲ್ಲಿ ಅಳೆದು ನೋಡಿದಾಗ, ಶಿಕ್ಷಕರು ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯುತ್ತಿದ್ದದ್ದು ಸುಮಾರು ಒಂದು ಸೆಕೆಂಡ್. ಅದನ್ನು ಮೂರಕ್ಕೆ ಏರಿಸಿದಾಗ ಉತ್ತರಗಳು ಉದ್ದವಾದವು, ಸಾಮಾನ್ಯವಾಗಿ ಬಾಯಿ ಬಿಡದ ಮಕ್ಕಳೂ ಮಾತಾಡಿದರು. ಮನಸ್ಸಿನಲ್ಲೇ ಒಂದು, ಎರಡು, ಮೂರು ಎಣಿಸಿ. ಆ ಮೌನ ಮೊದಮೊದಲು ಕಷ್ಟವಾಗುವುದು ನಿಮಗೇ ಹೊರತು ಮಕ್ಕಳಿಗಲ್ಲ.

ಸಭೆ ಕೆಡುವುದು ಎಲ್ಲಿ?

ಮೊದಲನೆಯದಾಗಿ, ಅದು ಕೋರ್ಟು ಆದಾಗ. "ಅವನು ನನ್ನ ಪೆನ್ಸಿಲ್ ಕದ್ದ" ಎಂಬ ಚೀಟಿಯನ್ನು ಮೂವತ್ತು ಜನರ ಮುಂದೆ ಓದಿದರೆ ಒಂದು ಮಗು ಕಟಕಟೆಯಲ್ಲಿ ನಿಲ್ಲುತ್ತದೆ, ಉಳಿದವರು ತಮಾಷೆ ನೋಡುತ್ತಾರೆ. ಹಾಗಾಗಿ ಸಭೆಗೆ ಅರ್ಧ ದಿನ ಮೊದಲೇ ಚೀಟಿಗಳನ್ನು ನೋಡಿ. ಇಬ್ಬರ ನಡುವಿನದ್ದನ್ನು ಬೇರೆ ತೆಗೆದಿಟ್ಟು ಅವರಿಬ್ಬರೊಂದಿಗೇ ಬಗೆಹರಿಸಿ. ಇಡೀ ತರಗತಿಗೆ ತಟ್ಟುವುದನ್ನು ಮಾತ್ರ ಹೆಸರು ತೆಗೆದು ಸಭೆಗೆ ತನ್ನಿ: "ನಮ್ಮ ತರಗತಿಯಲ್ಲಿ ಪೆನ್ಸಿಲ್‌ಗಳು ಕಳೆಯುತ್ತಿವೆ, ಏನು ಮಾಡೋಣ?" ವಾರ್ಸಾದ ತಮ್ಮ ಅನಾಥಾಲಯದಲ್ಲಿ ಮಕ್ಕಳದೇ ನ್ಯಾಯಾಲಯ ನಡೆಸಿದ ಪೋಲೆಂಡಿನ ವೈದ್ಯ, ಶಿಕ್ಷಣತಜ್ಞ ಯಾನುಷ್ ಕೊರ್ಚಾಕ್ ಕೂಡ ಅದರ ಕಲಮುಗಳನ್ನು ಕ್ಷಮೆಯಿಂದಲೇ ಶುರುಮಾಡಿದ್ದರು, ತಮ್ಮ ಮೇಲೆ ದೂರು ಬಂದಾಗ ತಾವೂ ಮಕ್ಕಳ ಮುಂದೆ ನಿಂತಿದ್ದರು. ಅಷ್ಟು ಎಚ್ಚರ ವಹಿಸಲು ಆಗದಿದ್ದರೆ ವಿಚಾರಣೆಯ ತಂಟೆಗೇ ಹೋಗಬೇಡಿ.

ಎರಡನೆಯದು ಕೈ ಎತ್ತಿಸುವ ಅವಸರ. 18 ಕೈ ಒಂದು ಕಡೆ, 14 ಇನ್ನೊಂದು ಕಡೆ ಆದರೆ ಬೇಗ ಮುಗಿಯಿತು ಅನಿಸುತ್ತದೆ. ಆದರೆ ವಾರವಾರವೂ ಸೋಲುವುದು ಅದೇ ಮಕ್ಕಳಾದರೆ, ಸಭೆ ಎಂದರೆ ಹೆಚ್ಚು ಗೆಳೆಯರಿದ್ದವರ ಗೆಲುವು ಎಂದು ಅವರು ತಿಳಿಯುತ್ತಾರೆ. ಅದಕ್ಕೆ ಬದಲಾಗಿ ಹೆಬ್ಬೆರಳು ತೋರಿಸಲು ಹೇಳಿ. ಮೇಲೆ ತೋರಿಸಿದರೆ ಒಪ್ಪಿಗೆ, ಅಡ್ಡ ತೋರಿಸಿದರೆ ನಡೆಯುತ್ತೆ, ಕೆಳಗೆ ತೋರಿಸಿದರೆ ಬೇಡ. ಕೆಳಗೆ ತೋರಿಸಿದವರನ್ನು ಮಾತ್ರ ಕೇಳಿ: "ಏನು ಬದಲಾದರೆ ನಿನಗೂ ನಡೆಯುತ್ತೆ?" ಬಹಳ ಸಲ ಒಂದು ಸಣ್ಣ ತಿದ್ದುಪಡಿ ಸಾಕಾಗುತ್ತದೆ. ಸಾಕಾಗದಿದ್ದರೆ ಎರಡು ವಾರ ಹೀಗೆ ಮಾಡಿ ನೋಡೋಣ, ಆಮೇಲೆ ಮತ್ತೆ ಕೇಳೋಣ ಎಂದು ಮುಗಿಸಿ. ಎರಡೂ ಒಳ್ಳೆಯ ಆಯ್ಕೆಗಳೇ ಆಗಿದ್ದು ಯಾವುದಾದರೂ ನಡೆಯುತ್ತದೆ ಎಂದಾಗ ಕೈ ಎಣಿಸಬಹುದು.

ಮೂರನೆಯದು ಗಾಳಿಯಲ್ಲಿ ತೇಲುವ ತೀರ್ಮಾನ. "ಎಲ್ಲರೂ ಒಳ್ಳೆಯವರಾಗಿರೋಣ" ಎಂದು ಬರೆದುಕೊಂಡರೆ ಮುಂದಿನ ವಾರ ನೋಡಲು ಏನೂ ಇರುವುದಿಲ್ಲ. ಯಾರು, ಏನು, ಯಾವ ದಿನದೊಳಗೆ ಎಂಬ ಮೂರೂ ನೋಟ್‌ಬುಕ್‌ನಲ್ಲಿ ಇರಲೇಬೇಕು. "ಇವರಿಬ್ಬರು ಸೋಮವಾರದೊಳಗೆ ಬಿದ್ದು ಸಿಕ್ಕ ಪೆನ್ಸಿಲ್‌ಗಳಿಗೆ ಒಂದು ಡಬ್ಬಿ ಮಾಡಿ ಕಿಟಕಿ ಪಕ್ಕ ಇಡುತ್ತಾರೆ" ಎಂದರೆ ಅದು ತೀರ್ಮಾನ.

ಮಕ್ಕಳೇ ಶಿಕ್ಷೆಗಳನ್ನು ಸೂಚಿಸಲು ಶುರುಮಾಡುವುದೂ ಉಂಟು, ಅದೂ ನಾವು ಯೋಚಿಸದಷ್ಟು ಕಠಿಣವಾದವನ್ನು. ಬೈಯಬೇಡಿ. "ಇದರಿಂದ ಹಾಳಾದದ್ದು ಸರಿಹೋಗುತ್ತಾ?" ಎಂದು ಕೇಳಿ, ಮಾತನ್ನು ಸರಿಪಡಿಸುವ ಕಡೆ ತಿರುಗಿಸಿ.

ಇಬ್ಬರ ಜಗಳಕ್ಕೆ ಐದು ನಿಮಿಷ

ಇಬ್ಬರನ್ನೂ ಎದುರುಬದುರು ಅಲ್ಲ, ಅಕ್ಕಪಕ್ಕ ಕೂರಿಸಿ. ಒಬ್ಬರು ನಡೆದದ್ದನ್ನು ಹೇಳಲಿ, ಇನ್ನೊಬ್ಬರು ಕೇಳಿದ್ದನ್ನು ತಿರುಗಿ ಹೇಳಲಿ, ಹೇಳಿದವರು "ಹೌದು, ಅದೇ" ಅನ್ನುವವರೆಗೂ. ಆಮೇಲೆ ಸರದಿ ಬದಲಾಗಲಿ. ಕೊನೆಗೆ ಇಬ್ಬರಿಗೂ ಒಂದೇ ಪ್ರಶ್ನೆ: "ಇದನ್ನು ಸರಿಮಾಡಲು ನೀನು ಏನು ಮಾಡುತ್ತೀಯ?" ಇನ್ನೊಬ್ಬರು ಏನು ಮಾಡಬೇಕು ಎಂದು ಕೇಳಬೇಡಿ. ಒತ್ತಾಯದ "ಸಾರಿ" ಕೂಡ ಬೇಡ, ಅದರಿಂದ ಮಗು ಕಲಿಯುವುದು ತಪ್ಪಿಸಿಕೊಳ್ಳುವ ಉಪಾಯವನ್ನಷ್ಟೇ. ಒಬ್ಬರು ಇನ್ನೊಬ್ಬರನ್ನು ಮತ್ತೆ ಮತ್ತೆ ಹಿಂಸಿಸುತ್ತಿದ್ದರೆ, ಇಬ್ಬರ ಬಲ ಸಮವಿಲ್ಲದಿದ್ದರೆ ಈ ವಿಧಾನವನ್ನು ಬಳಸಲೇಬಾರದು. ಅದು ಮೂರನೆಯ ಅಂಕಣದ ವಿಷಯ, ನೀವೇ ನಡುವೆ ಬಂದು ನಿಲ್ಲಿಸಬೇಕು.

ಬಾಗಿಲಿನಾಚೆಗೆ ಒಂದು ಕೆಲಸ

ಸಭೆ ಎರಡು ಮೂರು ತಿಂಗಳು ಸರಿಯಾಗಿ ನಡೆದ ಮೇಲೆ ತರಗತಿಯಿಂದ ಹೊರಗೆ ಕಾಲಿಡಿ. ನಾಲ್ಕು ನಾಲ್ಕು ಮಕ್ಕಳ ಗುಂಪಿಗೆ ಒಂದು ಹಾಳೆ ಕೊಟ್ಟು ಶಾಲೆಯ ಆವರಣವನ್ನು 20 ನಿಮಿಷ ಸುತ್ತಿಸಿ. ಚೆನ್ನಾಗಿರುವ ಕಡೆ ಒಂದು ಗುರುತು, ತೊಂದರೆ ಇರುವ ಕಡೆ ಇನ್ನೊಂದು. ಚೆನ್ನಾಗಿರುವುದನ್ನೂ ಗುರುತಿಸಬೇಕು, ಇಲ್ಲದಿದ್ದರೆ ಮಕ್ಕಳು ಬರಿಯ ತಪ್ಪು ಹುಡುಕುವವರಾಗುತ್ತಾರೆ.

ಬಂದ ಪಟ್ಟಿಯಿಂದ ಒಂದನ್ನೇ ಆರಿಸಿಕೊಳ್ಳಿ. ಅದನ್ನು ಮಕ್ಕಳು ತಾವೇ ಕಣ್ಣಿಂದ ನೋಡಬಹುದೇ? ಆರು ವಾರದಲ್ಲಿ ಏನಾದರೂ ಬದಲಾಗಬಹುದೇ? ಅದನ್ನು ಬದಲಿಸುವ ಅಧಿಕಾರ ಇರುವವರು ಯಾರೆಂದು ಗೊತ್ತೇ? ಮೂರಕ್ಕೂ ಹೌದು ಎಂದಾದರೆ ಹಿಡಿಯಬಹುದು. ಏಳು ವರ್ಷದ ಮಗುವಿನ ಮುಂದೆ ಇಡೀ ಭೂಮಿ ಬಿಸಿಯಾಗುತ್ತಿರುವ ಸಂಗತಿಯನ್ನಿಟ್ಟು "ನೀನೇನು ಮಾಡುತ್ತೀಯ?" ಎಂದರೆ ಮಗುವಿಗೆ ಭಯವಾಗುತ್ತದೆಯೇ ಹೊರತು ಶಕ್ತಿ ಬರುವುದಿಲ್ಲ.

ಕೈ ತೊಳೆಯುವ ಜಾಗದಲ್ಲಿ ಒಂದು ನಲ್ಲಿ ಸೋರುತ್ತಿದೆ ಅನ್ನಿ. "ನಲ್ಲಿ ಸೋರುತ್ತಿದೆ" ಎಂಬುದು ದೂರು. ಅದನ್ನು ಪುರಾವೆ ಮಾಡಲು ಕೆಳಗೊಂದು ಲೋಟ ಇಟ್ಟು 10 ನಿಮಿಷ ಕಾಯಬೇಕು. ಸೆಕೆಂಡಿಗೊಂದು ಹನಿ ಬೀಳುತ್ತಿದ್ದರೆ ಲೋಟದಲ್ಲಿ ಹೆಚ್ಚುಕಡಿಮೆ 30 ಮಿಲಿಲೀಟರ್ ಇರುತ್ತದೆ, ಅಂದರೆ ತಳ ಮುಚ್ಚುವಷ್ಟು. "ಇಷ್ಟೇನಾ?" ಎಂದು ಮಕ್ಕಳೇ ನಿರಾಸೆಯಿಂದ ಕೇಳುತ್ತಾರೆ. ಆಗ ಲೆಕ್ಕ ಮಾಡಿಸಿ. ಆರು ಪಟ್ಟು ಮಾಡಿದರೆ ಗಂಟೆಗೆ 180 ಮಿಲಿಲೀಟರ್. 24ರಿಂದ ಗುಣಿಸಿದರೆ ದಿನಕ್ಕೆ 4,320. ವಾರಕ್ಕೆ 30 ಲೀಟರಿಗೂ ಸ್ವಲ್ಪ ಹೆಚ್ಚು. ಈಗ ಒಂದು ಲೀಟರಿನ 30 ಖಾಲಿ ಬಾಟಲಿಗಳನ್ನು ಸಾಲಾಗಿ ನಿಲ್ಲಿಸಲು ಹೇಳಿ. ಆ ಸಾಲನ್ನು ನೋಡಿದ ಮೇಲೆ ಆ ಮಕ್ಕಳಿಗೆ ನೀರು ಉಳಿಸಿ ಎಂಬ ಭಾಷಣ ಬೇಕಾಗಿಲ್ಲ.

ಮುಂದಿನದು ಪತ್ರ. ನಾಲ್ಕು ವಾಕ್ಯ ಸಾಕು: ನಾವು ಯಾರು, ಏನು ನೋಡಿದೆವು, ಅಳೆದಾಗ ಎಷ್ಟು ಬಂತು, ಏನಾಗಬೇಕೆಂದು ಕೇಳುತ್ತೇವೆ. ಐದನೆಯದನ್ನೂ ಸೇರಿಸಿದರೆ ಇನ್ನೂ ಒಳ್ಳೆಯದು: ನಮ್ಮ ಕಡೆಯಿಂದ ನಾವು ಏನು ಮಾಡುತ್ತೇವೆ. ಕಾಗುಣಿತದ ತಪ್ಪನ್ನು ಮಕ್ಕಳೇ ತಿದ್ದಲಿ, ಪತ್ರದ ಮಾತನ್ನು ನೀವು ಬದಲಿಸಬೇಡಿ. ಪತ್ರ ಕೊಡುವ ಮೊದಲು ಅದನ್ನು ಪಡೆಯುವವರನ್ನು ನೀವು ಕಂಡು ಒಂದೇ ಒಂದು ಮಾತು ಕೇಳಿಕೊಳ್ಳಬೇಕು: ಆಗುವುದಾದರೂ ಆಗದಿದ್ದರೂ ಹತ್ತು ದಿನದೊಳಗೆ ಮಕ್ಕಳಿಗೆ ಉತ್ತರ ಕೊಡಿ. "ಈ ತಿಂಗಳು ಆಗಲ್ಲ, ಕಾರಣ ಇದು" ಎಂಬುದೂ ಉತ್ತರವೇ, ಅದರ ಮೇಲೆ ಮಕ್ಕಳು ಮುಂದಿನ ಹೆಜ್ಜೆ ಯೋಚಿಸಬಲ್ಲರು. ಉತ್ತರವೇ ಬಾರದಿದ್ದರೆ ಹತ್ತನೆಯ ದಿನ ಹೋಗಿ ಕೇಳಿಬರಲು ಇಬ್ಬರನ್ನು ಸಭೆಯಲ್ಲಿ ಆರಿಸಿ.

ಮಕ್ಕಳ ಪಾಲ್ಗೊಳ್ಳುವಿಕೆಯ ಬಗ್ಗೆ ರೋಜರ್ ಹಾರ್ಟ್ 1992ರಲ್ಲಿ ಯುನಿಸೆಫ್‌ಗಾಗಿ ಬರೆದಾಗ ಎಂಟು ಮೆಟ್ಟಿಲಿನ ಏಣಿಯ ಚಿತ್ರ ಕೊಟ್ಟರು. ಕೆಳಗಿನ ಮೂರು ಮೆಟ್ಟಿಲುಗಳು, ಅಂದರೆ ಮಕ್ಕಳನ್ನು ಆಡಿಸುವುದು, ಅಲಂಕಾರಕ್ಕೆ ನಿಲ್ಲಿಸುವುದು, ಹೆಸರಿಗಷ್ಟೇ ಸೇರಿಸಿಕೊಳ್ಳುವುದು, ಪಾಲ್ಗೊಳ್ಳುವಿಕೆಯೇ ಅಲ್ಲ ಎಂದರು. ದೊಡ್ಡವರು ಬರೆದ ಘೋಷಣೆಯ ಫಲಕ ಹಿಡಿದು ಬಿಸಿಲಿನಲ್ಲಿ ನಡೆಯುವ ಮಕ್ಕಳ ಸಾಲು ಆ ಮೂರರೊಳಗೇ ಬರುತ್ತದೆ. ಫಲಕದ ಮಾತು ಯಾರದು, ಅದರ ಅರ್ಥ ಏನು ಎಂದು ಒಂದು ಮಗುವನ್ನು ಕೇಳಿನೋಡಿದರೆ ಸಾಕು, ತಿಳಿದುಬಿಡುತ್ತದೆ.

ಕನಿಕರವೂ ಕಾಳಜಿಯೂ ಒಂದೇ ಅಲ್ಲ

ಯಾರಿಗೋ ಬಟ್ಟೆ, ಆಟಿಕೆ ಕೊಟ್ಟು ಫೋಟೋ ತೆಗೆಸಿಕೊಳ್ಳುವ ಕಾರ್ಯಕ್ರಮಗಳಲ್ಲಿ ಮಕ್ಕಳು ಕಲಿಯುವುದು ಕೊಡುವವರು ಮೇಲೆ, ಪಡೆಯುವವರು ಕೆಳಗೆ ಎಂಬುದನ್ನು. ತರಗತಿಯಲ್ಲೇ ಪಡೆಯುವ ಸ್ಥಿತಿಯ ಮಗು ಕೂತಿದ್ದರೆ ಅದಕ್ಕೆ ಆಗುವ ನೋವು ಯಾರಿಗೂ ಕಾಣುವುದಿಲ್ಲ. ಸಹಾಯಕ್ಕೆ ಮೊದಲು ಎರಡು ಪ್ರಶ್ನೆ ಕೇಳುವುದನ್ನು ರೂಢಿ ಮಾಡಿಸಿ: "ನಿನಗೆ ಸಹಾಯ ಬೇಕಾ?", "ಹೇಗೆ ಮಾಡಲಿ?" ಗಾಲಿಕುರ್ಚಿಯಲ್ಲಿರುವ ಗೆಳತಿಯ ಕುರ್ಚಿಯನ್ನು ಕೇಳದೆ ತಳ್ಳುವುದು, ಹೊಸದಾಗಿ ಬಂದ ಬೇರೆ ಭಾಷೆಯ ಹುಡುಗನ ಪರವಾಗಿ ತಾನೇ ಉತ್ತರ ಹೇಳಿಬಿಡುವುದು ಒಳ್ಳೆಯ ಮನಸ್ಸಿನಿಂದಲೇ ಆಗುತ್ತದೆ, ಆದರೂ ಅವರ ಕೈಯಿಂದ ಕೆಲಸ ಕಿತ್ತುಕೊಂಡಂತೆ. ಇಬ್ಬಿಬ್ಬರನ್ನು ನಿಲ್ಲಿಸಿ ಈ ಪ್ರಶ್ನೆಗಳನ್ನು ಅಭಿನಯ ಮಾಡಿಸಿ. "ಬೇಡ, ಥ್ಯಾಂಕ್ಸ್" ಎಂಬ ಉತ್ತರವನ್ನೂ ಅಭ್ಯಾಸ ಮಾಡಿಸಿ, ಅದನ್ನು ಕೇಳಿ ಮುಖ ಸಣ್ಣದು ಮಾಡಿಕೊಳ್ಳದಿರುವುದನ್ನೂ.

ಕೆಲಸ ಆಗುತ್ತಿದೆಯೇ ಎಂದು ತಿಳಿಯಲು

ಅಂಕ ಕೊಡಬೇಡಿ, ಎಣಿಸಿ. ತಿಂಗಳಿಗೊಂದು ಸಭೆಯಲ್ಲಿ ಮಾತಾಡಿದವರ ಹೆಸರಿನ ಮುಂದೆ ಗೀಟು ಹಾಕುತ್ತಾ ಹೋಗಿ. ಮೂರು ತಿಂಗಳಾದರೂ ಒಂದೂ ಗೀಟಿಲ್ಲದ ಹೆಸರುಗಳಿದ್ದರೆ ಆ ಮಕ್ಕಳಿಗೆ ಸಭೆಯ ಹಿಂದಿನ ದಿನವೇ ವಿಷಯ ತಿಳಿಸಿ, ಹೇಳಬೇಕಾದದ್ದನ್ನು ಪಕ್ಕದವರೊಂದಿಗೆ ಒಮ್ಮೆ ಹೇಳಿನೋಡಲು ಬಿಡಿ. ಡಬ್ಬಿಯಲ್ಲಿ ತೊಂದರೆಯ ಚೀಟಿಗಳೇ ತುಂಬುತ್ತಿವೆಯೇ, ಸಲಹೆಯ ಚೀಟಿಗಳೂ ಬರುತ್ತಿವೆಯೇ ನೋಡಿ. ಹತ್ತು ತೀರ್ಮಾನಗಳಲ್ಲಿ ಜಾರಿಗೆ ಬಂದವು ಎಷ್ಟು ಎಂದು ನೋಟ್‌ಬುಕ್ ತಿರುವಿ ಲೆಕ್ಕ ಹಾಕಿ. ಅರ್ಧಕ್ಕಿಂತ ಕಡಿಮೆ ಇದ್ದರೆ ತಪ್ಪು ಮಕ್ಕಳದಲ್ಲ, ತೀರ್ಮಾನಗಳು ದೊಡ್ಡದಾಗಿವೆ ಅಥವಾ ಯಾರು ಮಾಡಬೇಕೆಂದು ಬರೆದಿಲ್ಲ ಎಂದರ್ಥ.

ಮೊದಲ ಸಭೆಗೆ ವಿಷಯ ಏನಿರಲಿ ಎಂದು ತೋಚದಿದ್ದರೆ ಒರೆಸುವ ಬಟ್ಟೆಯನ್ನೇ ಇಡಿ: ಅದು ಎಲ್ಲಿರಬೇಕು, ಕೇಳದೆ ಯಾರು ಬೇಕಾದರೂ ತೆಗೆಯಬಹುದೇ, ಒದ್ದೆಯಾದ ಮೇಲೆ ಒಣಗಿಸುವವರು ಯಾರು. ಹದಿನೈದು ನಿಮಿಷದಲ್ಲಿ ಮುಗಿಯುತ್ತದೆ, ಮರುದಿನವೇ ಜಾರಿಗೆ ಬರುತ್ತದೆ, ಮುಂದಿನ ಸಭೆಯ ಮೊದಲ ಮೂರು ನಿಮಿಷಕ್ಕೆ ಹೇಳಲು ವಿಷಯವೂ ಸಿಗುತ್ತದೆ.